ಅಳತೆ ಅವರದು

ಆ ಶನಿವಾರ ಬೆಳಿಗ್ಗೆಯೂ ಎಲ್ಲ ದಿನದ ಹಾಗೆಯೇ ಶುರುವಾಗಿತ್ತು. ಐದೂವರೆಗೆ ಎದ್ದು, ಗೇಟಿಗೆ ನೇತುಹಾಕಿದ ಚೀಲದಿಂದ ಹಾಲಿನ ಪ್ಯಾಕೆಟ್ ತೆಗೆದುಕೊಂಡು, ಬಾಗಿಲಿಗೆ ನೀರು ಹಾಕಿ, ಎರಡೆಳೆ ರಂಗೋಲಿ ಎಳೆದು ಒಳಗೆ ಬಂದೆ. ರುಬ್ಬಿಟ್ಟ ಹಿಟ್ಟು ಚಳಿಗೆ ಉಬ್ಬಿರಲಿಲ್ಲ. ಇಡ್ಲಿಯ ಆಸೆ ಬಿಟ್ಟು ದೋಸೆಗೆ ಇಳಿದೆ. ಏಳಕ್ಕೆ ಯಜಮಾನರು ತಾಂಡವಪುರದ ಕಾರ್ಖಾನೆ ಬಸ್ಸಿಗೆ ಹೊರಟರು. ಚಟ್ನಿ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಅವರು ದಿನಾ ಎರಡು ಸಲ ಅಲ್ಲಾಡಿಸಿ ನೋಡುತ್ತಾರೆ. ಯಾವತ್ತೋ ಒಂದು ಸಲ ಸೋರಿ ಅಂಗಿ ಹಾಳಾಗಿತ್ತು, ಅಷ್ಟೇ. ಅಂದೂ ಅಲ್ಲಾಡಿಸಿದರು.

ಬೇರೆಯಾಗಿದ್ದದ್ದು ಒಂದೇ. ಪಾತ್ರೆ ತೊಳೆದು ಸೆರಗಿಗೆ ಕೈ ಒರೆಸಿಕೊಂಡು, ಕನ್ನಡಕ ತೆಗೆದುಕೊಂಡು, ಫೋನನ್ನು ಫ್ರಿಜ್ಜಿನ ಮೇಲೆ ಬಿಟ್ಟು ಮನೆಯಿಂದ ಹೊರಟೆ. ಹಿಂದಿನ ದಿನ ಎದುರು ಮನೆಯಾಕೆ ಬಂದು ಹೇಳಿದ್ದು ಹಾಗೆ.

"ನಾಳೆ ಒಂಬತ್ತೂವರೆಗೆ ಅಂಗಡಿಗೆ ಬರಬೇಕಂತೆ ನೀವು. ಕನ್ನಡಕ ತರಬೇಕಂತೆ, ಫೋನು ಮನೇಲೇ ಇರಬೇಕಂತೆ. ಅದೇನ್ರೀ ಗುಟ್ಟು ನಿಮ್ಮಿಬ್ಬರದು?"

ಗುಟ್ಟು ನನಗೂ ಗೊತ್ತಿರಲಿಲ್ಲ. ಹೇಳಿಕಳಿಸಿದ್ದವರು ನಮ್ಮ ಬೀದಿಯಲ್ಲಿ ರವಿಕೆ ಹೊಲಿಯುತ್ತಿದ್ದವರು. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು; ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಿದ್ದರು. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಕಾರಣ ಮುಂದೆ ಬರುತ್ತದೆ.

ಮದುವೆಯಾಗಿ ನಂಜನಗೂಡಿಗೆ ಬಂದ ಮೂರನೇ ತಿಂಗಳು ಅವರ ಅಂಗಡಿಗೆ ಮೊದಲ ಸಲ ಹೋದೆ. ಅಂಗಡಿ ಎಂದರೆ ಅವರ ಮನೆಯ ಮುಂದಿನ ಕೋಣೆಯೇ. ಒಂದು ಕಾಲುಮಷಿನು, ಕತ್ತರಿಸುವ ಮೇಜು, ಮೂಲೆಯಲ್ಲಿ ದಪ್ಪ ಪರದೆ. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಟೈಲರುಗಳೆಲ್ಲ ಗಂಡಸರು. ಟೇಪು ಹಿಡಿದು "ಮೂವತ್ತಾರು, ಇಪ್ಪತ್ತೆಂಟು, ಹದಿನಾಲ್ಕು" ಎಂದು ಕೂಗುತ್ತಿದ್ದರು; ಇನ್ನೊಬ್ಬ ಬರೆದುಕೊಳ್ಳುತ್ತಿದ್ದ; ಬೆಂಚಿನ ಮೇಲೆ ಕೂತವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ನಾನು ಉಸಿರು ಹಿಡಿದು, ಹೊಟ್ಟೆ ಎಳೆದುಕೊಂಡು ನಿಲ್ಲುವುದನ್ನು ಹನ್ನೆರಡನೇ ವಯಸ್ಸಿಗೇ ಕಲಿತಿದ್ದೆ.

ಇವರು ಪರದೆಯ ಹಿಂದೆ ಕರೆದುಕೊಂಡು ಹೋಗಿ, ಟೇಪು ಸುತ್ತಿ, ನನ್ನ ಮುಖ ನೋಡಿದರು.

"ಉಸ್ರು ಬುಡಿ."

"ಬಿಟ್ಟಿದೀನಿ."

"ಬುಟ್ಟಿಲ್ಲ ನೀವು. ಇಲ್ಲಿ ಒಟ್ಟೆ ಎಳ್ಕೊಂಡು ನಿಂತ್ಕೊಂಡ್ರೆ, ರವ್ಕೆ ಮದ್ವೆ ಮನೇಲಿ ಎಳ್ಕೊತದೆ. ಬುಡಿ."

ಬಿಟ್ಟೆ. ಅಳತೆ ತೆಗೆದರು. ಆದರೆ ಎಷ್ಟೆಂದು ಬಾಯಿಬಿಟ್ಟು ಹೇಳಲಿಲ್ಲ. ಟೇಪಿನ ಮೇಲೆ ಹೆಬ್ಬೆರಳಿನ ಉಗುರನ್ನು ಒತ್ತಿ ಹಿಡಿದು, ಹಾಗೆಯೇ ಮೇಜಿನ ತನಕ ನಡೆದುಕೊಂಡು ಹೋಗಿ ಬರೆದರು. ಮತ್ತೆ ಬಂದರು, ಇನ್ನೊಂದು ಅಳತೆ, ಮತ್ತೆ ಮೇಜಿಗೆ. ಒಂದು ರವಿಕೆಗೆ ಏಳೆಂಟು ಸಲ ಈ ಓಡಾಟ. ಎಷ್ಟು ವರ್ಷ ಕಳೆದರೂ ಅದೇ ಕ್ರಮ. ಪರದೆಯ ಹಿಂದಿನ ಸಂಖ್ಯೆ ಬೆಂಚಿಗೆ ಕೇಳಿಸಿದ್ದು ಒಂದು ಸಲವೂ ಇಲ್ಲ.

ಬರೆಯುತ್ತಿದ್ದದ್ದು ಒಂದು ಉದ್ದನೆಯ ಪುಸ್ತಕದಲ್ಲಿ. ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಹಾಳೆಯ ಮೇಲೆ ಹೆಸರಿಲ್ಲ. ಆ ಹೆಂಗಸಿಗೆ ಮೊದಲ ಸಲ ಹೊಲಿದ ರವಿಕೆಯ ಒಂದು ಚೂರು ಬಟ್ಟೆ. ಹಾಳೆಯನ್ನು ಒಳಗೆ ಮಡಿಸಿ, ಆ ಚೂರನ್ನು ಮೇಲಿಟ್ಟು, ಗುಂಡುಪಿನ್ನು ಚುಚ್ಚಿರುತ್ತಿದ್ದರು. ನಾವು ಹೋದಾಗ ಮುಖ ನೋಡಿ, ಪುಸ್ತಕ ತಿರುವಿ, ಸರಿಯಾದ ಚೂರಿನ ಹತ್ತಿರ ನಿಂತು ಪಿನ್ನು ಬಿಚ್ಚುತ್ತಿದ್ದರು. ನಾಲ್ಕನೇ ಕ್ಲಾಸಿನ ತನಕ ಓದಿದವರು. ಬರೆಯಲು ಬಾರದೆ ಹೀಗೆ ಮಾಡುತ್ತಾರೆ ಎಂದುಕೊಂಡಿದ್ದೆ ನಾನು. ಹೆಸರು ಬರೆಯಲು ಅವರಿಗೆ ಚೆನ್ನಾಗಿಯೇ ಬರುತ್ತಿತ್ತು.

ಇನ್ನೊಂದು ರೂಢಿಯೂ ಇತ್ತು. ಬೇರೆ ಟೈಲರುಗಳು ಹೊಲಿದ ರವಿಕೆಗಳನ್ನು ಹ್ಯಾಂಗರಿಗೆ ಹಾಕಿ ಅಂಗಡಿ ಮುಂದೆ ತೂಗುಬಿಡುತ್ತಾರೆ. ಇವರು ಒಳಮೈ ಹೊರಗೆ ಮಾಡಿ, ಮಡಿಸಿ, ನ್ಯೂಸ್ ಪೇಪರಿನಲ್ಲಿ ಸುತ್ತಿ ದಾರ ಕಟ್ಟುತ್ತಿದ್ದರು. ಎದುರು ಮನೆಯಾಕೆಗೆ ಇದು ತಲೆನೋವು.

"ಇಷ್ಟು ಚೆನ್ನಾಗಿ ಹೊಲೀತೀರ, ನಾಲ್ಕು ಮುಂದೆ ನೇತುಹಾಕ್ರೀ. ನೋಡಿದವರು ಬರ್ತಾರೆ."

"ಒಲ್ದಿರದು ನಂದು ಕನವ್ವ. ಅಳ್ತೆ ಅವ್ರುದು," ಎಂದರು ಅವರು, ದಾರವನ್ನು ಹಲ್ಲಿನಲ್ಲಿ ಕಡಿಯುತ್ತಾ.

ಆಗ ಬೆಂಚಿನ ಮೇಲೆ ಕೂತಿದ್ದ ನಾನೂ ನಕ್ಕಿದ್ದೆ.

ನನ್ನ ಬರಹದ ವಿಷಯ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಅವರು ನನಗೆ ಏನು ಮಾಡಿದರು ಎಂದು ತಿಳಿಯುವುದಿಲ್ಲ. ಕಾನ್ವೆಂಟಿನಲ್ಲಿ ನಾವು ಡೈರಿ ಬರೆಯಬೇಕಿತ್ತು. ಶುಕ್ರವಾರ ಎಲ್ಲರೂ ಡೈರಿಯನ್ನು ಸಿಸ್ಟರ್ ಮೇಜಿನ ಮೇಲೆ ಇಟ್ಟು ಹೋಗುವುದು. ಸೋಮವಾರ ಅದು ಕೆಂಪು ಶಾಯಿಯ ನಕ್ಷತ್ರದೊಂದಿಗೆ ವಾಪಸ್ಸು ಬರುತ್ತಿತ್ತು. ಸಾಧಾರಣ ದಿನಕ್ಕೆ ಒಂದು ನಕ್ಷತ್ರ. ಅಪ್ಪ ಅಮ್ಮ ಜಗಳವಾಡಿದ್ದನ್ನು ಬರೆದ ವಾರ ನನಗೆ ಮೂರು ಬಂದವು. ಅಲ್ಲಿಂದ ಮುಂದೆ ಮನೆಯಲ್ಲಿ ಜಗಳವಾದರೆ ನನ್ನ ಮನಸ್ಸು ಅರ್ಧ ಅಳುತ್ತಿತ್ತು, ಅರ್ಧ ಶುಕ್ರವಾರಕ್ಕೆ ಕಾಯುತ್ತಿತ್ತು.

ನಲವತ್ತು ದಾಟಿದ ಮೇಲೆ ಫೇಸ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆಯತೊಡಗಿದಾಗ ಆ ನಕ್ಷತ್ರಗಳು ಮತ್ತೆ ಬಂದವು. ಮೊದಮೊದಲು ಬರೆದದ್ದು ಹಿತ್ತಲಿನ ದಾಸವಾಳ, ಅತ್ತೆಯವರ ಉಪ್ಪಿನಕಾಯಿ ಜಾಡಿ. ಹತ್ತಿಪ್ಪತ್ತು ಜನ ಮೆಚ್ಚಿದರು. ಯಜಮಾನರೂ ನಾನೂ ಎರಡು ದಿನ ಮಾತು ಬಿಟ್ಟಿದ್ದನ್ನು ಬರೆದಾಗ ನಾನೂರು ದಾಟಿತು. ಮುಖವೇ ನೋಡದ ಯಾರೋ ಒಬ್ಬರು ಬೆಳಿಗ್ಗೆ ಎದ್ದವರೇ, "ಮೇಡಂ, ನಿಮ್ಮೆಜಮಾನ್ರು ಈಗ ಮಾತಾಡ್ತಿದಾರಾ?" ಎಂದು ಕೇಳಿದ್ದರು. ಆಗಲೇ ನನಗೆ ಅರ್ಥವಾಗಬೇಕಿತ್ತು. ಬದಲಿಗೆ, "ಹೂಂ, ಈಗ ಪರವಾಗಿಲ್ಲ," ಎಂದು ಉತ್ತರ ಕೊಟ್ಟೆ.

ಆಮೇಲೆ ನನ್ನ ನಾದಿನಿಯ ವಿಷಯ. ಯಜಮಾನರ ತಂಗಿ, ತಿ. ನರಸೀಪುರಕ್ಕೆ ಕೊಟ್ಟಿದೆ, ಅಲ್ಲೇ ಶಾಲೆಯಲ್ಲಿ ಟೀಚರು. ನಾನು ಸೊಸೆಯಾಗಿ ಬಂದಾಗ ಅವಳು ಇನ್ನೂ ಕಾಲೇಜಿನಲ್ಲಿದ್ದಳು. ನನ್ನ ಜಡೆಗೆ ಹೂ ಮುಡಿಸುತ್ತಿದ್ದವಳು ಅವಳೇ. ಒಂದು ಚಳಿಗಾಲ ಅವಳು ಎರಡು ದಿನಕ್ಕೆ ತವರಿಗೆ ಬಂದಿದ್ದಳು. ಅಡುಗೆಮನೆಯಲ್ಲಿ ನಾವಿಬ್ಬರೇ ಕೂತು ಅವರೆಕಾಯಿ ಬಿಡಿಸುತ್ತಿದ್ದಾಗ, ಯಾರಿಗೂ ಹೇಳದ ಒಂದು ಸಂಕಟವನ್ನು ನನಗೆ ಹೇಳಿದಳು. ಅದೇನೆಂದು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅದೇ ತಪ್ಪನ್ನು ಎರಡನೇ ಸಲ ಮಾಡಿದ ಹಾಗೆ.

ಅವಳು ಊರಿಗೆ ಹೋದ ನಾಲ್ಕನೇ ದಿನ ನಾನು ಅದನ್ನು ಬರೆದು ಹಾಕಿದೆ. ಪ್ರೀತಿಯಿಂದಲೇ ಬರೆದೆ, ಅಳುತ್ತಾ ಬರೆದೆ. ಹೆಸರು ಬದಲಾಯಿಸಿದೆ, ಶಾಲೆಯನ್ನು ಬ್ಯಾಂಕು ಮಾಡಿದೆ, ಊರನ್ನು ಕೊಳ್ಳೇಗಾಲ ಮಾಡಿದೆ. ಆದರೆ ಸಣ್ಣ ಸಣ್ಣದನ್ನು ಗಮನಿಸುವುದೇ ನಿಮ್ಮ ಬರಹದ ಚೆಂದ ಎಂದು ಓದುವವರು ಹೊಗಳುತ್ತಿದ್ದರಲ್ಲ, ಹಾಗಾಗಿ ಅವಳು ತೊಟ್ಟಿದ್ದನ್ನು ಬಿಡಲಾಗಲಿಲ್ಲ: ಹಸಿರು ರವಿಕೆ, ತೋಳಿನ ಅಂಚಿಗೆ ಜೋಡಿ ಮಾವಿನಕಾಯಿಯ ಕಸೂತಿ. ಅವಳು ಮದುವೆ ಮುಂಜಿಗೂ ಶಾಲೆಗೂ ಹಾಕಿಕೊಳ್ಳುತ್ತಿದ್ದ ರವಿಕೆ. ಅವಳ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರೋ ಆ ಬರಹವನ್ನು ಓದಿ, ತಲೆಯೆತ್ತಿ ಅವಳ ತೋಳನ್ನು ನೋಡಿದರಂತೆ.

ಅವಳಿಂದ ಒಂದೇ ಸಾಲಿನ ಮೆಸೇಜು ಬಂತು. "ಅತ್ತಿಗೆ, ನಾನು ಹೇಳಿದ್ದು ನಿಮಗೆ."

ತಕ್ಷಣ ತೆಗೆದುಹಾಕಿದೆ. ಅಷ್ಟರಲ್ಲಿ ಯಾರೋ ಅದನ್ನು ವಾಟ್ಸಾಪಿಗೆ ಇಳಿಸಿದ್ದರು. ವಾರ ಕಳೆದ ಮೇಲೆ ನಮ್ಮ ಚಿಕ್ಕಮ್ಮನ ಅಪಾರ್ಟ್‌ಮೆಂಟಿನ ಗ್ರೂಪಿನಿಂದ ಅದು ನನಗೇ ಬಂತು, ಮೇಲೆ ಎರಡು ಗುಲಾಬಿ ಹೂ, "ಬರೆದ ಪುಣ್ಯಾತ್ಮರು ಯಾರೋ, ಕಣ್ಣೀರು ನಿಲ್ಲಲಿಲ್ಲ" ಎಂದು. ನಾದಿನಿ ನನ್ನ ಫೋನು ತೆಗೆಯುವುದನ್ನು ನಿಲ್ಲಿಸಿದಳು. ಅಣ್ಣನ ಜೊತೆ ಮಾತು ಇತ್ತು. ಮನೆಗೆ ಬರುವುದು ಮಾತ್ರ ನಿಂತಿತು.

ಯಾರಿಗೂ ಹೇಳಿಕೊಳ್ಳಲಾಗದೆ ಒಂದು ಮಧ್ಯಾಹ್ನ ಅಂಗಡಿಗೆ ಹೋಗಿ ಬೆಂಚಿನ ಮೇಲೆ ಕೂತೆ. ಹೊಲಿಸಲು ಬಟ್ಟೆಯೂ ಇರಲಿಲ್ಲ. ಅವರು ಮಷಿನು ನಿಲ್ಲಿಸಲಿಲ್ಲ.

"ಎದ್ರುಮನೆಯೋರು ನಂಗೆ ಓದಿ ಏಳುದ್ರು ಅದ್ನ," ಎಂದರು. "ಮಾವ್ನಕಾಯಿ ಬಂದೇಟ್ಗೆ ಗೊತ್ತಾಗೋಯ್ತು. ಆ ಮಾವ್ನಕಾಯಿ ಆಕ್ದೋಳು ನಾನೇ ಅಲ್ವ."

"ಹೆಸರು ಬದಲಾಯಿಸಿದ್ದೆ ಅಕ್ಕ."

"ಎಸ್ರು ನೋಡ್ಕೊಂಡು ಯಾರವ್ವ ಆಳ್ನ ಗುರ್ತು ಇಡೀತಾರೆ?"

ಮಷಿನು ನಾಲ್ಕು ಹೊಲಿಗೆ ಓಡಿತು. ನಾನು ಅಳುತ್ತಿದ್ದೆ. ಅವರು ಎದ್ದು ಬಂದು ಸಮಾಧಾನ ಮಾಡುವವರಲ್ಲ. ಕತ್ತರಿಸಿ ಉಳಿದ ಮೆತ್ತನೆಯ ಒಂದು ಲೈನಿಂಗ್ ತುಂಡನ್ನು ಮೇಜಿನ ಮೇಲಿಂದ ನನ್ನ ಕಡೆ ತಳ್ಳಿದರು, ಮೂಗು ಒರೆಸಿಕೊಳ್ಳಲು.

"ಬರೆಯೋದೇ ಬಿಟ್ಟುಬಿಟ್ಟೆ ಅಕ್ಕ. ಅಕೌಂಟೇ ಮುಚ್ಚಿದೀನಿ."

ಆಗ ಮಷಿನು ನಿಂತಿತು. ಅವರು ಬಾಗಿಲ ಕಡೆ ನೋಡಿದರು, ಆಮೇಲೆ ಮೂಲೆಯ ಪರದೆಯ ಕಡೆ.

"ಈ ಅಂಗ್ಡಿ ಬಾಗ್ಲ ಮುಚ್ಬುಟ್ರೆ ಯಾರೂ ಬರಾಕಿಲ್ಲ. ಆ ಪರ್ದೆ ತೆಗುದ್ಬುಟ್ರೂ ಯಾರೂ ಬರಾಕಿಲ್ಲ. ಎಲ್ಡೂ ಇರ್ಬೇಕು ಕನವ್ವ." ಸೂಜಿಯ ಕೆಳಗೆ ಬಟ್ಟೆ ಸರಿಸಿ, "ನಂಗೇನ್ ಗೊತ್ತು ನಿಮ್ ಫೋನಿನ ಇಸ್ಯ," ಎಂದು ಮತ್ತೆ ಪೆಡಲು ತುಳಿದರು.

ನಾನು ಮತ್ತೆ ಬರೆಯಲು ಏಳೆಂಟು ತಿಂಗಳು ಹಿಡಿಯಿತು. ಈಗ ಬರೆದದ್ದನ್ನು ಹತ್ತು ದಿನ ಹಾಗೇ ಇಡುತ್ತೇನೆ. ಅದರೊಳಗೆ ಬಂದವರನ್ನು ಕೇಳುತ್ತೇನೆ. ಯಜಮಾನರನ್ನೂ ಕೇಳುತ್ತೇನೆ, ಚಟ್ನಿ ಡಬ್ಬಿಯ ಸಾಲಿಗೆ ಅವರು, "ಅಯ್ಯೋ, ಹಾಕ್ಕೋ ಹೋಗು," ಎಂದರು. ಕೇಳಲು ಧೈರ್ಯ ಬರದೇ ಹೋದರೆ ಅದು ಹಾಕುವಂಥದ್ದಲ್ಲ ಎಂದು ಬಿಟ್ಟುಬಿಡುತ್ತೇನೆ. ನಕ್ಷತ್ರಗಳು ಕಡಿಮೆಯಾಗಿವೆ. ಮೊದಲು ಅದು ಚುಚ್ಚುತ್ತಿತ್ತು.

ಅಕ್ಕನನ್ನೂ ಕೇಳಿದ್ದೆ, "ನಿಮ್ಮ ಬಗ್ಗೆ ಒಂದು ಬರೀಲಾ?"

"ಅಂಗ್ಡಿ ಮುಚ್ಚೋಗಂಟ ಬ್ಯಾಡ. ಆಮ್ಯಾಕೆ ನೋಡ್ಮ."

ಅಂಗಡಿ ಮುಚ್ಚುವ ದಿನ ಅಷ್ಟು ಬೇಗ ಬರುತ್ತದೆಂದು ನಾವಿಬ್ಬರೂ ಅಂದುಕೊಂಡಿರಲಿಲ್ಲ. ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದಿತ್ತು. ಮೊದಮೊದಲು ಸೂಜಿಗೆ ದಾರ ಪೋಣಿಸಲು ಬೀದಿಯಲ್ಲಿ ಹೋಗುವವರನ್ನು ಕರೆಯುತ್ತಿದ್ದರು. ಆಮೇಲೆ ಕಪ್ಪು ಬಟ್ಟೆ ಬೇಡ ಎಂದರು. ಕೊನೆಗೆ ಒಂದು ದಿನ ಯಾರದೋ ತೋಳನ್ನು ಹಿಂದುಮುಂದಾಗಿ ಕೂರಿಸಿ, ಬಿಚ್ಚಿ, ಮತ್ತೆ ಹೊಲಿದು ಕೊಟ್ಟು, ಹೊಸ ಬಟ್ಟೆ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಹುಟ್ಟೂರಿನಲ್ಲಿ ಒಡಹುಟ್ಟಿದ ಅಕ್ಕ ಇದ್ದಾರೆ, ಅವರ ಹತ್ತಿರ ಹೋಗುತ್ತೇನೆ ಎಂದರು.

ಆ ಶನಿವಾರ ಹೋದಾಗ ಮಷಿನಿಗೆ ಆಗಲೇ ಹಳೆಯ ಸೀರೆ ಸುತ್ತಿತ್ತು. ಮೇಜಿನ ಮೇಲೆ ಅಳತೆ ಪುಸ್ತಕ, ಪಕ್ಕದಲ್ಲಿ ದೊಡ್ಡ ಕತ್ತರಿ.

"ಫೋನ್ ತಂದಿಲ್ವಲ್ಲ?"

"ಇಲ್ಲ ಅಕ್ಕ."

"ಕೂತ್ಕೊಳಿ. ಇವ್ನೆಲ್ಲ ಅವ್ರವ್ರಿಗೆ ಕೊಟ್ಬುಡ್ಬೇಕು. ನಂಗೆ ಬಟ್ಟೆ ಗೊತ್ತಾಯ್ತದೆ, ಬರ್ಯಕೆ ಕಣ್ಣು ಕಾಣಲ್ಲ. ನಾ ಏಳ್ದಂಗೆ ನೀವು ಮ್ಯಾಲೆ ಗುರ್ತು ಬರೀರಿ."

"ನನ್ನನ್ನೇ ಯಾಕೆ ಕರೆದ್ರಿ? ಎದುರು ಮನೆಯವರಿದ್ರಲ್ಲ."

"ನೀವು ಒಂದ್ಸಲ ಬಟ್ಟೆ ಕೆಡ್ಸಿದೀರಿ," ಎಂದರು ತಣ್ಣಗೆ. "ಇನ್ನೊಂದ್ಸಲ ಕೆಡಸಾಕಿಲ್ಲ. ಅವ್ರು ಇನ್ನೂ ಕೆಡ್ಸಿಲ್ಲ."

ಪುಸ್ತಕದ ಬೆನ್ನಿನ ದಾರವನ್ನು ಅವರೇ ಕತ್ತರಿಸಿದರು. ಒಂದೊಂದೇ ಮಡಿಕೆ ಕೈಗೆತ್ತಿಕೊಂಡು, ಮೇಲಿನ ಬಟ್ಟೆ ಚೂರನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡುತ್ತಿದ್ದರು. ಕಣ್ಣು ಬೇರೆಲ್ಲೋ ಇರುತ್ತಿತ್ತು. "ಬನಾರಸಿ, ಒರಟು... ನೀಲಿ ಗೇಟ್ನೋರು." ನಾನು ಹೊರಗಡೆ ನೀಲಿ ಗೇಟು ಎಂದು ಬರೆಯುತ್ತಿದ್ದೆ. "ವಾಯಿಲು. ಒಗ್ದು ಒಗ್ದು ಮೆತ್ಗಾಗದೆ. ನರ್ಸಮ್ಮ." "ಇದು ಮೂಲೆಮನೆ ಅಜ್ಜೀದು. ಬ್ಯಾಡ, ಇತ್ಲಾಗೆ ಕೊಡಿ." ತೀರಿಕೊಂಡವರ ಮಡಿಕೆಗಳನ್ನು ಬೇರೆ ತೆಗೆದು ತಮ್ಮ ಬಟ್ಟೆಚೀಲದೊಳಗೆ ಇಟ್ಟುಕೊಳ್ಳುತ್ತಿದ್ದರು. ಅವುಗಳನ್ನು ಏನು ಮಾಡುತ್ತೀರಿ ಎಂದು ಕೇಳಿದೆ. "ನನ್ ಜೊತ್ಗೆ ಬತ್ತವೆ," ಎಂದರು.

ಒಂದು ಹಾಳೆಯ ಪಿನ್ನು ಸಡಿಲವಾಗಿತ್ತು. ನನ್ನ ಕೈಯಲ್ಲಿ ಅದು ತಾನಾಗಿಯೇ ಬಿಚ್ಚಿಕೊಂಡಿತು. ಮುಚ್ಚಲು ಹೋದರೆ ಚೂರಿನ ಮೇಲೆ ನೇರಳೆ ಬಣ್ಣದ ಚುಕ್ಕಿಗಳು ಕಂಡವು. ನಾನು ಮದುವೆಯಾದ ಹೊಸದರಲ್ಲಿ ತಂದಿದ್ದ ಬಟ್ಟೆ.

"ನಿಮ್ದೇ ಅಲ್ವ? ನೋಡ್ಕೊಳಿ ಬುಡಿ."

ಇದು ನನ್ನ ಹಾಳೆ. ಇದರಲ್ಲಿದ್ದದ್ದನ್ನು ನಾನು ಹೇಳಬಹುದು. ಮದುವೆಯಾದಾಗಿನಿಂದ ಇಪ್ಪತ್ತೆರಡು ವರ್ಷಗಳ ನಾನು ಪೆನ್ಸಿಲ್ ಸಂಖ್ಯೆಗಳಾಗಿ ಒಂದರ ಕೆಳಗೊಂದು ನಿಂತಿದ್ದೆ. ಅಮ್ಮ ತೀರಿಕೊಂಡ ವರ್ಷ ಎಲ್ಲ ಅಳತೆಯೂ ಎರಡೆರಡು ಇಂಚು ಕುಸಿದಿತ್ತು. ಆ ಸಾಲಿನ ಪಕ್ಕ ಸಣ್ಣದಾಗಿ ಬರೆದಿದ್ದರು: "ವಳಗೆ ಜಾಸ್ತಿ ಬಿಡಬೇಕು. ತುಂಬ್ಕತಾರೆ."

ಆ ರವಿಕೆ ನನಗೆ ನೆನಪಾಯಿತು. ಪಕ್ಕದ ಹೊಲಿಗೆಯ ಒಳಗೆ ಯಾಕೋ ಎರಡು ಬೆರಳಿನಷ್ಟು ಬಟ್ಟೆ ಮಡಿಸಿತ್ತು. ಅಮ್ಮನ ವರ್ಷಾಂತಿಕ ಕಳೆದು ಮತ್ತೆ ಊಟ ರುಚಿಸತೊಡಗಿದಾಗ, ನಾನೇ ಒಂದೊಂದು ಸಾಲು ಹೊಲಿಗೆ ಬಿಚ್ಚಿಕೊಂಡು ಹಾಕಿಕೊಂಡಿದ್ದೆ. ಬಟ್ಟೆ ಉಳಿದಿತ್ತೇನೋ, ಹಾಗಾಗಿ ಬಿಟ್ಟಿದ್ದಾರೆ ಎಂದುಕೊಂಡಿದ್ದೆ. ಆ ದಿನಗಳಲ್ಲಿ ಎಲ್ಲರೂ ನನಗೆ ಸಮಾಧಾನ ಹೇಳಿದ್ದರು. ಇವರೊಬ್ಬರು ಏನೂ ಹೇಳಿರಲಿಲ್ಲ.

"ಅಳ್ತಾ ಕೂತ್ರೆ ಮದ್ಯಾನ ಆಯ್ತದೆ. ಮುಂದುಕ್ ಕೊಡಿ," ಎಂದರು.

ಮುಂದಿನದು ಹಸಿರು ಚೂರು. ಅವರು ಉಜ್ಜಿ ನೋಡಬೇಕಾಗಿಯೇ ಇರಲಿಲ್ಲ, ನನಗೂ ಗೊತ್ತಾಯಿತು. ಪಿನ್ನಿಗೆ ತುಕ್ಕು ಹಿಡಿದಿತ್ತು. ತುಕ್ಕಿನ ಕಂದು ಕಲೆ ಬಟ್ಟೆಗೂ ಕಾಗದಕ್ಕೂ ಇಳಿದು ಎರಡನ್ನೂ ಅಂಟಿಸಿತ್ತು. ಎಷ್ಟು ತಿಂಗಳಿಂದ ಅವಳು ರವಿಕೆ ಹೊಲಿಸಲು ನಂಜನಗೂಡಿಗೆ ಬಂದಿಲ್ಲ ಎಂಬುದನ್ನು ಆ ಪಿನ್ನೇ ಹೇಳುತ್ತಿತ್ತು. ನಾನು ಏನು ಬರೆಯಲಿ ಎಂದು ಪೆನ್ನು ಹಿಡಿದು ಕೂತೆ.

"ಏನೂ ಬರೀಬ್ಯಾಡಿ. ನೀವೇ ತಕ್ಕೊಂಡೋಗಿ ಕೊಡಿ."

"ಅವಳು ನನ್ನ ಹತ್ರ ಮಾತಾಡಲ್ಲ ಅಕ್ಕ."

"ಮಾತಾಡಿ ಅಂದ್ನಾ? ಕೊಟ್ಬನ್ನಿ ಅಂದೆ."

ಶನಿವಾರ ಶಾಲೆ ಬೆಳಗಿನ ಹೊತ್ತು ಮಾತ್ರ. ಮನೆಗೆ ಬಂದು ನನಗೆಂದು ತಟ್ಟೆಯಲ್ಲಿ ಎತ್ತಿಟ್ಟಿದ್ದ ದೋಸೆಯನ್ನು ಹಾಗೆಯೇ ಮುಚ್ಚಿಟ್ಟು, ಸೀರೆ ಬದಲಾಯಿಸಿ ನರಸೀಪುರದ ಬಸ್ಸು ಹತ್ತಿದೆ. ಮಡಿಕೆಯನ್ನು ಪರ್ಸಿನೊಳಗೆ ಹಾಕಿದರೆ ಪಿನ್ನು ಕದಲಬಹುದೆಂದು ಕೈಯಲ್ಲೇ ಹಿಡಿದುಕೊಂಡಿದ್ದೆ. ಪಕ್ಕದಲ್ಲಿ ಕೂತ ಮುದುಕಿ ಅದನ್ನು ನೋಡಿ, "ಪ್ರಸಾದವೇನವ್ವ?" ಎಂದು ಕೇಳಿತು. ಅಲ್ಲ ಎಂದೆ. ದಾರಿಯುದ್ದಕ್ಕೂ ಗದ್ದೆಗಳಲ್ಲಿ ಕುಯ್ಲು ಮುಗಿದು ಹುಲ್ಲಿನ ಮೆದೆ ಹಾಕಿದ್ದರು. ಮಡಿಕೆ ಎಷ್ಟು ಹಗುರವಿತ್ತೆಂದರೆ ಮತ್ತೆ ಮತ್ತೆ ನೋಡಿಕೊಳ್ಳುತ್ತಿದ್ದೆ. ಪಿನ್ನು ಬಿಚ್ಚಿ ನೋಡುವ ಆಸೆ ನನಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಕ್ಕ ಅವಳ ಸಂಕಟವನ್ನು ಅಳತೆಯಲ್ಲಿ ಕಂಡಿದ್ದಿರಬಹುದೇ, ಪಕ್ಕದಲ್ಲಿ ಏನಾದರೂ ಬರೆದಿರಬಹುದೇ ಎಂದು ಬಸ್ಸು ಪ್ರತಿ ಸಲ ನಿಂತಾಗಲೂ ಅನ್ನಿಸುತ್ತಿತ್ತು.

ಬಾಗಿಲು ತೆಗೆದವಳು ಅವಳೇ. ಶಾಲೆಯ ಸೀರೆ ಇನ್ನೂ ಬಿಚ್ಚಿರಲಿಲ್ಲ. ಬೆರಳಿಗೆ ಸೀಮೆಸುಣ್ಣ ಮೆತ್ತಿತ್ತು.

"ಬನ್ನಿ," ಎಂದಳು. ಮೊದಲಾದರೆ "ಬನ್ನಿ ಅತ್ತಿಗೆ" ಎನ್ನುತ್ತಿದ್ದಳು.

ಕೂತೆ. ನೀರು ತಂದಿಟ್ಟಳು. ಟೀಪಾಯಿಯ ಮೇಲೆ ಟೆಸ್ಟ್ ಪೇಪರುಗಳ ಕಟ್ಟು, ಮುಚ್ಚಳ ತೆಗೆದ ಕೆಂಪು ಪೆನ್ನು. ನಾನು ಮಡಿಕೆಯನ್ನು ಅವಳ ಕಡೆ ಚಾಚಿದೆ.

"ಟೈಲರಕ್ಕ ಅಂಗಡಿ ಮುಚ್ತಿದಾರೆ. ಎಲ್ಲರ ಅಳತೆ ಹಾಳೇನೂ ಅವರವರಿಗೆ ಕೊಡ್ತಿದಾರೆ. ಇದು ನಿನ್ನದು."

ಅವಳು ತೆಗೆದುಕೊಂಡು ತಿರುಗಿಸಿ ನೋಡಿದಳು.

"ನೀವು ನೋಡಿದ್ರಾ?"

"ಇಲ್ಲ."

ಅವಳು ಕಿಟಕಿಯ ಬೆಳಕಿಗೆ ಹಿಡಿದು ಪಿನ್ನಿನ ಸುತ್ತಲಿನ ತುಕ್ಕಿನ ಕಲೆಯನ್ನು ಉಗುರಿನಿಂದ ಮುಟ್ಟಿದಳು. ಕಲೆ ಎಲ್ಲೂ ಒಡೆದಿರಲಿಲ್ಲ. ಆಮೇಲೆ ಎದ್ದು ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ತಳ್ಳಿಕೊಂಡಳು.

ಬಹಳ ಹೊತ್ತು ಬರಲಿಲ್ಲ. ನಾನು ಮೇಲಿದ್ದ ಪೇಪರನ್ನೇ ನೋಡುತ್ತಾ ಕೂತೆ. ಯಾವುದೋ ಮಗು ಕನ್ನಡದಲ್ಲಿ ನನ್ನ ಮನೆ ಎಂದು ಪ್ರಬಂಧ ಬರೆದಿತ್ತು. ಮೊದಲ ಸಾಲು ಓದಿದವಳು, ಆಮೇಲೆ ಪೇಪರನ್ನು ಮೆಲ್ಲಗೆ ಮಗುಚಿ ಇಟ್ಟೆ.

ಹೊರಗೆ ಬಂದಾಗ ಅವಳು ಮುಖ ತೊಳೆದಿದ್ದಳು. ಹಾಳೆಯಲ್ಲಿ ಏನಿತ್ತೋ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಇಂದಿಗೂ ಕೇಳಿಲ್ಲ.

"ಹುರುಳಿಕಾಳು ಬಸ್ಸಾರಿದೆ. ಊಟ ಮಾಡ್ಕೊಂಡು ಹೋಗಿ," ಎಂದಳು.

ಉಂಡೆವು. ಮಾತು ಹೆಚ್ಚೇನೂ ಆಡಲಿಲ್ಲ. ಎರಡನೇ ಸಲ ಅನ್ನ ಬಡಿಸುವಾಗ ಅವಳು ತಲೆಯೆತ್ತದೆ ಕೇಳಿದಳು, "ಇದನ್ನೂ ಬರೀತೀರಾ?"

"ನೀನು ಬೇಡ ಅಂದ್ರೆ ಇಲ್ಲ."

"ಬೇಡ."

"ಆಯ್ತು."

ಸಾರು ಬಡಿಸಿದಳು. ತುಪ್ಪದ ಚಮಚ ಹುಡುಕಿದಳು. ಬಸ್‌ಸ್ಟ್ಯಾಂಡಿನ ತನಕ ಬರುತ್ತೇನೆಂದು ಚಪ್ಪಲಿ ಮೆಟ್ಟಿಕೊಂಡಳು. ಬಸ್ಸು ಹತ್ತಿ ಕಿಟಕಿಯ ಹತ್ತಿರ ಕೂತ ಮೇಲೆ ಕೆಳಗೆ ನಿಂತಿದ್ದವಳು ಹೇಳಿದಳು:

"ಟೈಲರಕ್ಕನ ಬಗ್ಗೆ ಬರೆದ್ರೆ ಬರೀರಿ. ಹಾಕೋಕೆ ಮುಂಚೆ ನನಗೊಂದು ಸಲ ಕಳಿಸಿ. ಆ ರವಿಕೆ ಬಣ್ಣ ಮಾತ್ರ ಬದಲಾಯಿಸಿಬಿಡಿ ಅತ್ತಿಗೆ."

ಆದ್ದರಿಂದ ಇಲ್ಲಿ ಹಸಿರು ಎಂದಿರುವುದು ಹಸಿರಲ್ಲ. ಮಾವಿನಕಾಯಿ ಎಂದಿರುವುದು ಮಾವಿನಕಾಯಿಯೂ ಅಲ್ಲ. ಈ ಬರಹ ಅವಳ ಹತ್ತಿರ ಎಂಟು ದಿನ ಇತ್ತು. ಎರಡು ಸಾಲು ತೆಗೆಸಿದಳು. ಬಸ್ಸಾರನ್ನು ಮಾತ್ರ ತಾನೇ ಸೇರಿಸಿದಳು. ಅಂದು ಇದ್ದದ್ದು ಬರೀ ತಿಳಿಸಾರಂತೆ. ಮನೆಗೆ ಅವಳಿನ್ನೂ ಬಂದಿಲ್ಲ. ಯುಗಾದಿಗೆ ನೋಡೋಣ ಎಂದಿದ್ದಾಳೆ.

ಅಕ್ಕನಿಗೂ ಫೋನಿನಲ್ಲಿ ಓದಿ ಹೇಳಿದೆ. ಕೇಳುತ್ತಾ ನಡುವೆ ಎರಡು ಸಲ "ಉಂ" ಎಂದರು. ಮುಗಿದ ಮೇಲೆ, "ನನ್ ಎಸ್ರು ಬ್ಯಾಡ, ನಮ್ಮೂರ್ ಎಸ್ರೂ ಬ್ಯಾಡ. ನಂಜನ್ಗೂಡು ಅಂತ ಬೇಕಾರೆ ಆಕ್ಕೊಳಿ, ಅದು ದೊಡ್ಡೂರು," ಎಂದರು. ಆಮೇಲೆ, "ಆ ತೋಳು ಇಂದ್ಮುಂದಾಗಿದ್ದು ಯಾತಕ್ಕೆ ಬರುದ್ರಿ?" ಎಂದು ಗೊಣಗಿದರು. ತೆಗೆದುಬಿಡಲೇ ಎಂದೆ. "ಇರ್ಲಿ ಬುಡಿ. ಅದು ನಂದೇ ತಪ್ಪಲ್ವ," ಎಂದರು.

ಆ ದಿನ ನಾನು ನರಸೀಪುರದಿಂದ ವಾಪಸ್ಸು ಬರುವಾಗ ಸಂಜೆ ಆರು. ಬೀದಿಯ ತುದಿಯಿಂದಲೇ ಕಂಡಿತು, ಅಂಗಡಿಯ ಬಾಗಿಲು ಮುಚ್ಚಿತ್ತು. ಮಷಿನನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ನಾಲ್ಕು ಗಂಟೆಗೇ ಹೊರಟುಹೋದರಂತೆ. ಹೇಳಿಹೋಗುವ ಪದ್ಧತಿ ಅವರಿಗಿಲ್ಲ. ಕಿಟಕಿಯಲ್ಲಿ ಇಣುಕಿದೆ, ಪರದೆಯನ್ನೂ ಬಿಚ್ಚಿಕೊಂಡು ಹೋಗಿದ್ದರು. ಪರದೆಯಿಲ್ಲದ ಆ ಮೂಲೆ ಎಷ್ಟು ಸಣ್ಣದಿತ್ತು ಎಂದು ಆಗಲೇ ಗೊತ್ತಾದದ್ದು. ಇಬ್ಬರು ಹೆಂಗಸರು ನಿಂತರೆ ಭರ್ತಿ.

ಎದುರು ಮನೆಯಾಕೆ ಜಗಲಿಯ ಮೇಲೆ ಕೂತಿದ್ದರು. ಅವರ ಹಾಳೆ ಅವರ ಕೈಗೆ ಬಂದಿತ್ತು. ಪಿನ್ನು ಬಿಚ್ಚಿ, ತೊಡೆಯ ಮೇಲೆ ಹರಡಿಕೊಂಡು, ಹೋಗಿಬರುವವರಿಗೆಲ್ಲ ತೋರಿಸುತ್ತಿದ್ದರು.

"ಬನ್ರೀ, ನೋಡಿ ಇಲ್ಲಿ. ಮದುವೆ ಆದ ವರ್ಷ ನನ್ನ ಸೊಂಟ ಇಪ್ಪತ್ತೇಳು. ನಮ್ಮನೆಯವರು ನಂಬ್ತಾನೇ ಇಲ್ಲ, ತಿದ್ದಿದೀಯ ಅಂತಾರೆ."

ನೋಡಿದೆ. ನಿಜವಾಗಿ ಇಪ್ಪತ್ತೇಳೇ ಇತ್ತು. ನಕ್ಕೆವು. ಅವರು ಹಾಳೆಯನ್ನು ಮತ್ತೆ ಹಳೆಯ ಗೆರೆಯ ಮೇಲೇ ಮಡಿಸಿ, ಬಟ್ಟೆ ಚೂರನ್ನು ಮೇಲಿಟ್ಟು, ಪಿನ್ನು ಎಲ್ಲಿ ಬಿತ್ತೆಂದು ಸೆರಗು ಕೊಡವುತ್ತಾ ಹೇಳಿದರು:

"ಇನ್ನು ಈ ಬೀದೀಲಿ ನಮ್ಮ ಅಳತೆ ಗೊತ್ತಿರೋರು ಯಾರೂ ಇಲ್ಲ ಅಂತಾಯ್ತು ನೋಡಿ. ಯಾಕೋ ಬೇಜಾರು ಕಣ್ರೀ."